ಫೋನ್ ಅಪ್‌ಡೇಟ್ ಆಯ್ತು, ಹಾಜರಿ ಎಲ್ಲಿ ಹೋಯ್ತು?

ಬೆಳಿಗ್ಗೆ ಒಂದು ಫೋಟೋ, ಮಧ್ಯಾಹ್ನದ ಮೇಲೆ ಇನ್ನೊಂದು. ಕೆರೆ ಹೂಳೆತ್ತಲು, ಕಾಲುವೆ ತೋಡಲು ಹೋದ ನರೇಗಾ ಕೂಲಿಕಾರರು ಅವತ್ತು ನಿಜವಾಗಿಯೂ ಕೆಲಸ ಮಾಡಿದ್ದಾರೆ ಅನ್ನೋದಕ್ಕೆ ಸರ್ಕಾರ ಒಪ್ಪುವ ಸಾಕ್ಷಿ ಈ ಎರಡು ಫೋಟೋಗಳು. 2021ರ ಮೇ ತಿಂಗಳಲ್ಲಿ ಶುರುವಾದ ಎನ್‌ಎಂಎಂಎಸ್ ಆ್ಯಪ್ ಅನ್ನು ಕೇಂದ್ರ ಸರ್ಕಾರ 2023ರ ಜನವರಿ 1ರಿಂದ ವೈಯಕ್ತಿಕ ಕಾಮಗಾರಿ ಬಿಟ್ಟು ಉಳಿದೆಲ್ಲ ಕೆಲಸಗಳಿಗೆ ಕಡ್ಡಾಯ ಮಾಡಿತು. ಸಾಕ್ಷಿ ಕಾಯಕ ಬಂಧುವಿನ ಫೋನಿನಲ್ಲಿದ್ದರೆ ಸಾಲದು, ಅದು ಸರ್ವರ್ ತಲುಪಬೇಕು. 2025–26ರಲ್ಲಿ ಕರ್ನಾಟಕದ ನರೇಗಾ ದಿನಗೂಲಿ 370 ರೂಪಾಯಿ. ಹತ್ತು ಜನರ ಗುಂಪಿನ ಒಂದು ದಿನದ ಫೋಟೋ ಫೋನಿನಲ್ಲೇ ಕೂತರೆ 3,700 ರೂಪಾಯಿ ನೇತಾಡುತ್ತೆ.

ನರೇಗಾ ಒಂದೇ ಅಲ್ಲ. ಅಂಗನವಾಡಿ ಕಾರ್ಯಕರ್ತೆಯರಿಗೆ 2021ರಿಂದ ಪೋಷಣ್ ಟ್ರ್ಯಾಕರ್ ಇದೆ. 2025ರ ಜುಲೈ 1ರಿಂದ ಮನೆಗೆ ಕೊಡುವ ಆಹಾರಕ್ಕೂ ಫಲಾನುಭವಿಯ ಮುಖ ಗುರುತಿಸುವ ವ್ಯವಸ್ಥೆ ಸೇರಿಕೊಂಡಿದೆ. 2025ರ ಸೆಪ್ಟೆಂಬರ್ 22ರಂದು ಶುರುವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರು, ಮೇಡಂಗಳು 60 ಪ್ರಶ್ನೆ ಹಿಡಿದು ಮನೆ ಮನೆ ಸುತ್ತಿದರು. ಅದೂ ಆ್ಯಪ್‌ನಲ್ಲೇ. ಬೆಳೆ ಸಮೀಕ್ಷೆಯೂ ಆ್ಯಪ್‌ನಲ್ಲೇ. ಸರ್ಕಾರ ಮತ್ತು ಜನರ ನಡುವೆ ಈಗ ಒಂದು ಮೊಬೈಲ್ ನಿಂತಿದೆ. ಆ ಮೊಬೈಲ್ ಒಂದು ರಾತ್ರಿ ತಾನಾಗೇ ಅಪ್‌ಗ್ರೇಡ್ ಆಗಿ ಬೆಳಿಗ್ಗೆ ಹೊಸ ಮುಖ ತೋರಿಸಿದಾಗ ಏನಾಗುತ್ತೆ? ಅದನ್ನೇ ಇಲ್ಲಿ ಬಿಡಿಸಿ ಹೇಳ್ತೀನಿ.

ನಾನು ಕನಕಪುರ ತಾಲ್ಲೂಕಿನವನು. ದಾಖಲೆಗಳಲ್ಲಿ 2025ರಿಂದ ಬೆಂಗಳೂರು ದಕ್ಷಿಣ ಅನಿಸಿಕೊಂಡಿರುವ, ನಾವಿನ್ನೂ ರಾಮನಗರ ಅಂತಲೇ ಕರೆಯುವ ಜಿಲ್ಲೆ ಇದು. ಬಿಡದಿ, ಚನ್ನಪಟ್ಟಣದ ಹೆದ್ದಾರಿ ಪಕ್ಕ ನಿಂತರೆ ಫೋನಿನಲ್ಲಿ ಸಿಗ್ನಲ್ ಕಡ್ಡಿಗಳು ತುಂಬಿರುತ್ತವೆ. ಉಯ್ಯಂಬಳ್ಳಿ ಹೋಬಳಿಯ ಕಾಡಂಚಿಗೋ, ಸಾವನದುರ್ಗದ ಬಂಡೆಯ ಹಿಂದಕ್ಕೋ ಹೋಗಿ ನೋಡಿ. ಒಂದು ಕಡ್ಡಿ ಬಂದರೆ ಹಬ್ಬ. ಹೀಗಾಗಿ ನಮ್ಮ ಕಡೆ ಫೋಟೋ ತೆಗೆಯೋದು ಒಂದು ಜಾಗದಲ್ಲಿ, ಅದು ಅಪ್‌ಲೋಡ್ ಆಗೋದು ಇನ್ನೊಂದು ಜಾಗದಲ್ಲಿ. ಈ ಎರಡರ ನಡುವಿನ ಹೊತ್ತಿನಲ್ಲೇ ಕೆಲಸ ಕೆಡೋದು.

ನೈಟ್ ಹಾಲ್ಟ್ ಬಸ್ಸಿನ ಲೆಕ್ಕ

ನೀವು ಫೋಟೋ ತೆಗೆದ ತಕ್ಷಣ ಅದು ಸರ್ವರ್‌ಗೆ ಹಾರಿಹೋಗಲ್ಲ. ಮೊದಲು ಆ್ಯಪ್‌ನ ಸ್ವಂತ ಚೀಲದಲ್ಲಿ, ಅಂದರೆ ಫೋನಿನೊಳಗೆ ಆ ಆ್ಯಪ್‌ಗೇ ಮೀಸಲಾದ ಜಾಗದಲ್ಲಿ ಕೂರುತ್ತೆ. ನೆಟ್‌ವರ್ಕ್ ಸಿಕ್ಕಾಗ ಕಳಿಸು ಅಂತ ಆ್ಯಪ್ ಫೋನಿಗೆ ಒಂದು ಚೀಟಿ ಬರೆದುಕೊಡುತ್ತೆ. ಆ ಚೀಟಿಯನ್ನ ಯಾವಾಗ ಕೈಗೆತ್ತಿಕೊಳ್ಳಬೇಕು ಅಂತ ತೀರ್ಮಾನಿಸೋದು ಆ್ಯಪ್ ಅಲ್ಲ, ಆಂಡ್ರಾಯ್ಡ್. ಫೋನ್ ಜೇಬಿನಲ್ಲಿದ್ದಾಗ, ಸ್ಕ್ರೀನ್ ಆಫ್ ಆಗಿದ್ದಾಗ ನಡೆಯುವ ಈ ಸಾಗಾಟಕ್ಕೇ ಹಿನ್ನೆಲೆ ವರ್ಗಾವಣೆ ಅನ್ನೋದು.

ಹಳ್ಳಿಗೆ ಬರುವ ಬಸ್ಸಿಗೆ ಹೋಲಿಸಿ ನೋಡಿ. ಪಾರ್ಸೆಲ್ ಕಟ್ಟಿ ನೀವು ಸ್ಟಾಪಿನಲ್ಲಿ ಇಟ್ಟಿದ್ದೀರಿ. ಬಸ್ಸು ಯಾವಾಗ ಬರಬೇಕು ಅನ್ನೋದು ಡಿಪೋ ತೀರ್ಮಾನ. ಡೀಸೆಲ್ ಉಳಿಸಬೇಕು ಅಂತ ಡಿಪೋದವರು ಟ್ರಿಪ್ ಕಡಿಮೆ ಮಾಡಿದರೆ ಪಾರ್ಸೆಲ್ ಅಲ್ಲೇ ಇರುತ್ತೆ. ಕಳೆದುಹೋಗಿಲ್ಲ, ಹೋಗಿಯೂ ಇಲ್ಲ. ಫೋನಿನಲ್ಲಿ ಡೀಸೆಲ್ ಜಾಗದಲ್ಲಿ ಬ್ಯಾಟರಿ ಇದೆ, ಅಷ್ಟೇ. ಆಪರೇಟಿಂಗ್ ಸಿಸ್ಟಂ ಅಪ್‌ಗ್ರೇಡ್ ಅಂದರೆ ಡಿಪೋದಲ್ಲಿ ಹೊಸ ಟೈಮ್ ಟೇಬಲ್ ಬಂದ ಹಾಗೆ. ನಮ್ಮೂರಿನ ಸ್ಟಾಪಿಗೆ ಬಂದು ಅದನ್ನ ಯಾರೂ ಅಂಟಿಸಿರಲ್ಲ.

ಹತ್ತು ವರ್ಷದಲ್ಲಿ ಏನೇನು ಬಿಗಿಯಾಯ್ತು?

2015ರ ಆಂಡ್ರಾಯ್ಡ್ 6ರಲ್ಲಿ ‘ಡೋಜ್’ ಅನ್ನೋ ತೂಕಡಿಕೆ ಬಂತು. ಚಾರ್ಜಿಗೆ ಹಾಕದ ಫೋನು ಸ್ಕ್ರೀನ್ ಆರಿ, ಅಲುಗಾಡದೆ ಬಿದ್ದಿದ್ದರೆ ಹಿನ್ನೆಲೆಯ ಆ್ಯಪ್‌ಗಳಿಗೆ ಇಂಟರ್ನೆಟ್ ಬಂದ್. ಆಗಾಗ ಒಂದು ಕಿಟಕಿ ತೆರೆಯುತ್ತೆ, ಅಷ್ಟರಲ್ಲಿ ಕಳಿಸಬೇಕು. ಮುಂದಿನ ವರ್ಷದ ಆಂಡ್ರಾಯ್ಡ್ 7ರಲ್ಲಿ ಫೋನ್ ಜೇಬಿನಲ್ಲಿ ಓಡಾಡುತ್ತಿದ್ದರೂ ಒಂದು ಮಟ್ಟದ ತೂಕಡಿಕೆ ಶುರುವಾಯ್ತು. 2018ರ ಆಂಡ್ರಾಯ್ಡ್ 9 ಆ್ಯಪ್‌ಗಳನ್ನ ಬಳಕೆ ನೋಡಿ ಗುಂಪು ಮಾಡಿತು. ದಿನಾ ತೆರೆಯುವ ಆ್ಯಪ್‌ಗೆ ಹೆಚ್ಚು ಟ್ರಿಪ್, ಅಪರೂಪಕ್ಕೆ ತೆರೆಯುವ ಆ್ಯಪ್‌ಗೆ ಕಡಿಮೆ. ಇಲ್ಲಿ ಸ್ವಲ್ಪ ನಿಂತು ಯೋಚಿಸಿ: ರೀಲ್ಸ್ ನೋಡುವ ಆ್ಯಪ್ ಮೊದಲ ಗುಂಪಿನಲ್ಲಿರುತ್ತೆ. ಕೆಲಸ ಇದ್ದ ವಾರ ಮಾತ್ರ ತೆರೆಯುವ ಸಮೀಕ್ಷೆಯ ಆ್ಯಪ್ ಕೊನೆಯ ಗುಂಪಿಗೆ ಬೀಳುತ್ತೆ.

2020ರ ಆಂಡ್ರಾಯ್ಡ್ 11ರಿಂದ, ಕೆಲವು ತಿಂಗಳು ಮುಟ್ಟದ ಆ್ಯಪ್‌ಗೆ ಕೊಟ್ಟಿದ್ದ ಅನುಮತಿಗಳನ್ನು ಫೋನ್ ತಾನಾಗೇ ವಾಪಸ್ ತಗೊಳ್ಳೋದು ಶುರುವಾಯ್ತು. 2021ರ ಆಂಡ್ರಾಯ್ಡ್ 12ರಲ್ಲಿ ನಿಖರ ಲೊಕೇಶನ್ ಬದಲು ಅಂದಾಜು ಲೊಕೇಶನ್ ಮಾತ್ರ ಕೊಡುವ ಆಯ್ಕೆ ಬಂತು. 2023ರ ಆಂಡ್ರಾಯ್ಡ್ 14ರಲ್ಲಿ ಎಲ್ಲಾ ಫೋಟೋ ಕೊಡುವ ಬದಲು ಆಯ್ದ ಕೆಲವು ಫೋಟೋಗಳಿಗೆ ಮಾತ್ರ ಅನುಮತಿ ಕೊಡಬಹುದು. ಖಾಸಗಿತನದ ದೃಷ್ಟಿಯಿಂದ ಇವೆಲ್ಲ ಒಳ್ಳೆಯ ಬದಲಾವಣೆಗಳೇ. ಆದರೆ ಜಿಪಿಎಸ್ ಗುರುತಿರುವ ಫೋಟೋ ಬೇಕೇ ಬೇಕು ಅನ್ನುವ ಆ್ಯಪ್ ಈ ಬದಲಾವಣೆಗೆ ಹೊಂದಿಕೊಳ್ಳದಿದ್ದರೆ, ತಪ್ಪೇನು ಅಂತಲೂ ಹೇಳದೆ ಸುಮ್ಮನೆ ಕೂರಬಹುದು.

2024ರ ಆಂಡ್ರಾಯ್ಡ್ 15 ಇನ್ನೊಂದು ಹೆಜ್ಜೆ ಮುಂದೆ ಹೋಯ್ತು. ನೋಟಿಫಿಕೇಶನ್ ತೋರಿಸುತ್ತಾ ಡೇಟಾ ಸಿಂಕ್ ಮಾಡುವ ಸೇವೆ ಹಿನ್ನೆಲೆಯಲ್ಲಿ 24 ಗಂಟೆಗೆ ಒಟ್ಟು 6 ಗಂಟೆ ಮಾತ್ರ ಓಡಬಹುದು ಅಂತ ಮಿತಿ ಹಾಕಿತು. ಈ ಮಿತಿ ಆ್ಯಪ್ ಅನ್ನು ಆಂಡ್ರಾಯ್ಡ್ 15ಕ್ಕೆಂದೇ ಸಿದ್ಧಪಡಿಸಿದ್ದರೆ ಅನ್ವಯಿಸುತ್ತೆ. ಪ್ಲೇ ಸ್ಟೋರ್ 2025ರ ಆಗಸ್ಟ್ 31ರಿಂದ ಹೊಸ ಆ್ಯಪ್ ಮತ್ತು ಅಪ್‌ಡೇಟ್‌ಗಳನ್ನ ಆ ಮಟ್ಟಕ್ಕೆ ತರಲೇಬೇಕು ಅಂತ ಹೇಳಿದೆ. ಹಾಗಾಗಿ ಬದಲಾವಣೆ ಎರಡು ಬಾಗಿಲಿನಿಂದ ಬರುತ್ತೆ: ಫೋನ್ ಅಪ್‌ಗ್ರೇಡ್ ಆದಾಗ ಒಮ್ಮೆ, ಆ್ಯಪ್ ಅಪ್‌ಡೇಟ್ ಆದಾಗ ಇನ್ನೊಮ್ಮೆ. ನಿನ್ನೆವರೆಗೂ ಸರಿ ಇತ್ತು, ಇವತ್ತು ಹೋಗ್ತಿಲ್ಲ ಅಂದರೆ ಎರಡನ್ನೂ ನೋಡಬೇಕು.

ಇದರ ಮೇಲೆ ಫೋನ್ ಕಂಪನಿಗಳ ಸ್ವಂತ ಕಟ್ಟಳೆಗಳು ಬೇರೆ. ‘ಆಟೋಸ್ಟಾರ್ಟ್’, ‘ಸ್ಲೀಪಿಂಗ್ ಆ್ಯಪ್ಸ್’, ‘ಬ್ಯಾಕ್‌ಗ್ರೌಂಡ್ ಆ್ಯಕ್ಟಿವಿಟಿ’ ಹೀಗೆ ಒಬ್ಬೊಬ್ಬರದು ಒಂದೊಂದು ಹೆಸರು. ನೀವು ಹಿಂದೆ ಕೊಟ್ಟಿದ್ದ ವಿನಾಯಿತಿ ಅಪ್‌ಗ್ರೇಡ್ ಆದ ಮೇಲೆ ಮಾಯವಾಗುವ ಫೋನ್‌ಗಳೂ ಇವೆ.

ಮೊದಲು, ಮಾಡಬಾರದ್ದು

ಅಪ್‌ಲೋಡ್ ಆಗ್ತಿಲ್ಲ ಅಂದ ತಕ್ಷಣ ಊರಲ್ಲಿ ಸಿಗುವ ಮೊದಲ ಸಲಹೆ: ‘ಆ್ಯಪ್ ತೆಗೆದು ಮತ್ತೆ ಹಾಕು.’ ಎರಡನೆಯದು: ‘ಡೇಟಾ ಕ್ಲಿಯರ್ ಮಾಡು.’ ದಯವಿಟ್ಟು ಎರಡನ್ನೂ ಮಾಡಬೇಡಿ. ಕಳಿಸದೆ ಉಳಿದಿರುವ ಫೋಟೋಗಳು ಇರೋದೇ ಆ ಆ್ಯಪ್‌ನ ಚೀಲದಲ್ಲಿ. ಅನ್‌ಇನ್‌ಸ್ಟಾಲ್ ಮಾಡಿದರೆ, ಡೇಟಾ ಕ್ಲಿಯರ್ ಮಾಡಿದರೆ ಚೀಲದ ಸಮೇತ ಎಲ್ಲಾ ಹೋಗುತ್ತೆ. ಕೆಲವು ಆ್ಯಪ್‌ಗಳು ಕಳಿಸಬೇಕಾದ ಫೈಲನ್ನ ಕ್ಯಾಶ್‌ನಲ್ಲೇ ಇಡೋದರಿಂದ, ಬಾಕಿ ಇರುವಾಗ ಕ್ಯಾಶ್ ಕ್ಲಿಯರ್ ಮಾಡೋದೂ ಬೇಡ.

‘ಫೋರ್ಸ್ ಸ್ಟಾಪ್’ ಕೂಡ ಔಷಧಿ ಅಲ್ಲ. ಹಾಗೆ ನಿಲ್ಲಿಸಿದರೆ ಆ್ಯಪ್ ಬರೆದುಕೊಟ್ಟಿದ್ದ ಚೀಟಿಗಳು ರದ್ದಾಗುತ್ತವೆ. ನೀವೇ ಮತ್ತೆ ತೆರೆಯುವವರೆಗೂ ಆ ಆ್ಯಪ್ ಏಳಲ್ಲ. ಕೆಲವು ಕಂಪನಿಗಳ ಫೋನಿನಲ್ಲಿ ಇತ್ತೀಚಿನ ಆ್ಯಪ್‌ಗಳ ಪಟ್ಟಿಯಿಂದ ಬೆರಳಲ್ಲಿ ತಳ್ಳಿ ಹಾಕೋದೂ ಇದೇ ಕೆಲಸ ಮಾಡುತ್ತೆ. ಐಫೋನ್ ಬಳಸುವವರು ಗಮನಿಸಿ: ಹಾಗೆ ತಳ್ಳಿ ಹಾಕಿದರೆ ಆ ಆ್ಯಪ್‌ನ ಹಿನ್ನೆಲೆ ವರ್ಗಾವಣೆಗಳನ್ನು ಫೋನ್ ರದ್ದು ಮಾಡುತ್ತೆ ಅಂತ ಆ್ಯಪಲ್ ಕಂಪನಿಯ ದಾಖಲೆಯಲ್ಲೇ ಇದೆ.

ಈಗ, ಒಂದೊಂದಾಗಿ

ಒಂದು. ಸ್ಕ್ರೀನ್‌ಶಾಟ್ ತೆಗೆಯಿರಿ. ಬಾಕಿ ಎಷ್ಟಿದೆ, ಯಾವ ದಿನಾಂಕದ್ದು, ಯಾವ ಕೆಲಸದ್ದು ಅಂತ ಕಾಣೋ ಹಾಗಿರಲಿ. ದುರಸ್ತಿಗೆ ಕೈ ಹಾಕುವ ಮೊದಲೇ ಸಾಕ್ಷಿ ಕೈಲಿರಬೇಕು.

ಎರಡು. ಫೋನನ್ನ ಪಿನ್ ಅಥವಾ ಪ್ಯಾಟರ್ನ್ ಹಾಕಿ ಒಮ್ಮೆ ತೆರೆಯಿರಿ. ರಾತ್ರಿ ಅಪ್‌ಗ್ರೇಡ್ ಆಗಿ ಫೋನ್ ರೀಸ್ಟಾರ್ಟ್ ಆಗಿದ್ದರೆ, ನೀವು ಮೊದಲ ಸಲ ಲಾಕ್ ತೆರೆಯುವವರೆಗೂ ಆ್ಯಪ್‌ಗಳ ಚೀಲಕ್ಕೆ ಬೀಗ ಹಾಕಿರುತ್ತೆ. ಒಳಗಿನ ಫೈಲ್ ಆ್ಯಪ್‌ಗೇ ಕಾಣಲ್ಲ.

ಮೂರು. ಚಾರ್ಜಿಗೆ ಹಾಕಿ, ಸಿಗ್ನಲ್ ಇರುವ ಕಡೆ ಆ್ಯಪ್ ತೆರೆದು ಸ್ಕ್ರೀನ್ ಆರದ ಹಾಗೆ ಹತ್ತು ನಿಮಿಷ ಇಡಿ. ಚಾರ್ಜ್ ಆಗುತ್ತಿರುವ, ಸ್ಕ್ರೀನ್ ಹೊತ್ತಿರುವ ಫೋನಿಗೆ ಡೋಜ್ ಇಲ್ಲ. ಹೀಗೆ ಮಾಡಿದಾಗ ಹೋಯ್ತು ಅಂದರೆ ಸರ್ವರ್ ಸರಿ ಇದೆ, ಆ್ಯಪ್ ಸರಿ ಇದೆ, ತೊಂದರೆ ಇರೋದು ಬ್ಯಾಟರಿ ಕಟ್ಟಳೆಯಲ್ಲಿ ಅಂತ ಅರ್ಥ. ಈ ಒಂದು ಪರೀಕ್ಷೆಯಲ್ಲಿ ಅರ್ಧ ಉತ್ತರ ಸಿಕ್ಕಿಬಿಡುತ್ತೆ. ಅಪ್‌ಲೋಡ್ ಬಟನ್ ಒತ್ತಿದರೆ ಮಾತ್ರ ಕಳಿಸುವ ಆ್ಯಪ್‌ಗಳೂ ಇವೆ. ಅಂಥದ್ದಾದರೆ ಒತ್ತಿ, ಮುಗಿಯುವವರೆಗೂ ಬೇರೆ ಆ್ಯಪ್‌ಗೆ ಹೋಗಬೇಡಿ.

ನಾಲ್ಕು. ಸೆಟ್ಟಿಂಗ್ಸ್, ಆ್ಯಪ್ಸ್, ಆ ಆ್ಯಪ್, ಬ್ಯಾಟರಿ. ಅಲ್ಲಿ ‘ಅನ್‌ರಿಸ್ಟ್ರಿಕ್ಟೆಡ್’ ಅಥವಾ ಅದೇ ಅರ್ಥದ ಆಯ್ಕೆ ಹಾಕಿ. ಕಂಪನಿಯ ಆಟೋಸ್ಟಾರ್ಟ್ ಆಯ್ಕೆ ಇದ್ದರೆ ಅದನ್ನೂ ಆನ್ ಮಾಡಿ. ‘ಬಳಸದಿದ್ದರೆ ಅನುಮತಿ ತೆಗೆದುಹಾಕು’ ಅನ್ನುವ ಸ್ವಿಚ್ ಇದ್ದರೆ, ಅದನ್ನ ಆಫ್ ಮಾಡಿ.

ಐದು. ಅನುಮತಿಗಳು. ಕ್ಯಾಮೆರಾ ಇದೆಯಾ? ಲೊಕೇಶನ್‌ನಲ್ಲಿ ‘ನಿಖರ’ ಆನ್ ಇದೆಯಾ? ಫೋಟೋಗಳಿಗೆ ಪೂರ್ತಿ ಅನುಮತಿಯಾ, ಆಯ್ದವಕ್ಕೆ ಮಾತ್ರವಾ? ನೋಟಿಫಿಕೇಶನ್ ಆನ್ ಇದ್ದರೆ ಅಪ್‌ಲೋಡ್ ನಡೀತಿದೆಯೋ ನಿಂತಿದೆಯೋ ಅನ್ನೋದಾದರೂ ಕಾಣುತ್ತೆ.

ಆರು. ಡೇಟಾ ಸೇವರ್ ಮತ್ತು ಬ್ಯಾಟರಿ ಸೇವರ್ ಎರಡನ್ನೂ ನೋಡಿ. ಡೇಟಾ ಸೇವರ್ ಆನ್ ಇದ್ದರೆ ಮೊಬೈಲ್ ಡೇಟಾದಲ್ಲಿ ಹಿನ್ನೆಲೆ ಸಾಗಾಟ ನಿಲ್ಲುತ್ತೆ. ಆ ಒಂದು ಆ್ಯಪ್‌ಗೆ ವಿನಾಯಿತಿ ಕೊಡಬಹುದು. ಎರಡು ಸಿಮ್ ಇದ್ದರೆ ಡೇಟಾ ಯಾವ ಸಿಮ್‌ನಲ್ಲಿ ಆನ್ ಆಗಿದೆ ಅಂತ ನೋಡಿ. ನಮ್ಮ ಕಾಡಂಚಿನ ಊರುಗಳಲ್ಲಿ ಒಂದು ಕಂಪನಿ ಸಿಗುವ ಕಡೆ ಇನ್ನೊಂದು ಸಿಗಲ್ಲ.

ಏಳು. ದಿನಾಂಕ, ಸಮಯ ಆಟೋಮ್ಯಾಟಿಕ್ ಇರಲಿ. ಗಡಿಯಾರ ತಪ್ಪಾಗಿದ್ದರೆ ಸರ್ವರ್‌ನ ಸುರಕ್ಷತಾ ಪ್ರಮಾಣಪತ್ರವನ್ನ ಫೋನ್ ಒಪ್ಪಲ್ಲ, ಸಂಪರ್ಕವೇ ಆಗಲ್ಲ. ಹಾಗೇ ಸ್ಟೋರೇಜ್ ನೋಡಿ. ಅಪ್‌ಗ್ರೇಡ್ ಜಾಗ ತಿನ್ನುತ್ತೆ. ಕಡಿಮೆ ಬೆಲೆಯ ಫೋನಿನಲ್ಲಿ ಉಳಿದಿದ್ದ ಚೂರು ಜಾಗವೂ ತುಂಬಿದರೆ ಹೊಸ ಫೋಟೋ ಉಳಿಸಲಿಕ್ಕೇ ಆಗಲ್ಲ. ಗ್ರೂಪಿನ ಗುಡ್ ಮಾರ್ನಿಂಗ್ ವಿಡಿಯೋಗಳನ್ನ ಅಳಿಸಿ, ಆ್ಯಪ್‌ನ ಡೇಟಾ ಮುಟ್ಟಬೇಡಿ.

ಎಂಟು. ಬಾಕಿ ಎಲ್ಲಾ ಹೋದ ಮೇಲೆ ಮಾತ್ರ ಆ್ಯಪ್ ಅಪ್‌ಡೇಟ್ ಮಾಡಿ. ಹಳೆಯ ಆವೃತ್ತಿಯಿಂದ ಲಾಗಿನ್ನೇ ಆಗ್ತಿಲ್ಲ ಅಂದರೆ ಪ್ಲೇ ಸ್ಟೋರ್‌ನಿಂದ ಮೇಲಿನಿಂದಲೇ ಅಪ್‌ಡೇಟ್ ಮಾಡಿ. ಹಾಗೆ ಮಾಡಿದರೆ ಚೀಲ ಉಳಿಯುತ್ತೆ. ತೆಗೆದು ಹಾಕಿದರೆ ಮಾತ್ರ ಹೋಗೋದು.

ಈಚೆಗೆ ಜಮೀನುಗಳ ಫೋಟೋ ತೆಗೆಯುವ ಕೆಲಸ ಮಾಡ್ತಿದ್ದ ಊರ ಹುಡುಗನೊಬ್ಬ ಬಂದ. ‘ಅಣ್ಣಾ, ಮೂರು ದಿನದ್ದು ಹಂಗೇ ಕೂತೈತೆ, ಆ್ಯಪ್ ತೆಗೆದು ಹಾಕ್ಬಿಡ್ಲಾ?’ ಅಂದ. ‘ಬೇಡ ಕಣೋ, ಮೊದಲು ಚಾರ್ಜಿಗೆ ಹಾಕು’ ಅಂದೆ. ಸ್ಕ್ರೀನ್ ಆರದ ಹಾಗೆ ಇಟ್ಟು ಕೂತ್ವಿ. ಕಾಫಿ ಮುಗಿಯೋ ಹೊತ್ತಿಗೆ ಒಂದೊಂದೇ ಹೋಗಲು ಶುರುವಾಯ್ತು. ಆಮೇಲೆ ನೋಡಿದರೆ ಆ ಆ್ಯಪ್‌ನ ಬ್ಯಾಟರಿ ಪುಟದಲ್ಲಿ ನಿರ್ಬಂಧ ಹಾಕಿತ್ತು. ಫೋನ್ ಕೆಟ್ಟಿರಲಿಲ್ಲ, ಆ್ಯಪ್ ಕೆಟ್ಟಿರಲಿಲ್ಲ. ಆ ಹುಡುಗನಿಗೆ ಒಂದು ಸ್ವಿಚ್ ಬಗ್ಗೆ ಯಾರೂ ಹೇಳಿರಲಿಲ್ಲ. ತರಬೇತಿಯಲ್ಲಿ ಫೋಟೋ ತೆಗೆಯೋದು ಹೇಗೆ ಅಂತ ಹೇಳಿಕೊಡ್ತಾರೆ, ಫೋಟೋ ಹೋಗದಿದ್ದರೆ ಏನು ಮಾಡಬೇಕು ಅಂತ ಹೇಳಿಕೊಡಲ್ಲ.

ಕಂಪ್ಯೂಟರ್‌ನ ಕಥೆ

ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಲ್ಲಿಸಿತು. ಕಚೇರಿ, ಸೈಬರ್ ಸೆಂಟರ್‌ಗಳ ಎಷ್ಟೋ ಕಂಪ್ಯೂಟರ್‌ಗಳು ವಿಂಡೋಸ್ 11ಕ್ಕೆ ಹೋಗಬೇಕಾಯ್ತು. ಅಲ್ಲೂ ಇಂಥದ್ದೇ ಒಬ್ಬ ಕೂಲಿ ಇದ್ದಾನೆ. ವಿಂಡೋಸ್ ಎಕ್ಸ್‌ಪಿ ಕಾಲದಿಂದ, ಅಂದರೆ 2001ರಿಂದ ಇರುವ ‘ಬಿಟ್ಸ್’ ಅನ್ನೋ ಸೇವೆ ಅದು. ನೀವು ಬಳಸದೆ ಉಳಿದ ಬ್ಯಾಂಡ್‌ವಿಡ್ತ್‌ನಲ್ಲಿ ಫೈಲ್ ಸಾಗಿಸುತ್ತೆ. ಮಧ್ಯೆ ಕರೆಂಟ್ ಹೋದರೂ ಬಿಟ್ಟ ಕಡೆಯಿಂದ ಮುಂದುವರಿಸುತ್ತೆ. ವಿಂಡೋಸ್ ಅಪ್‌ಡೇಟ್‌ಗೂ ಇದು ಬಳಕೆಯಾಗಿದೆ.

ಇಲ್ಲಿ ನೋಡಬೇಕಾದ್ದು ಮೂರೇ. ಸರ್ವಿಸಸ್ ಪಟ್ಟಿಯಲ್ಲಿ ‘ಬ್ಯಾಕ್‌ಗ್ರೌಂಡ್ ಇಂಟೆಲಿಜೆಂಟ್ ಟ್ರಾನ್ಸ್‌ಫರ್ ಸರ್ವಿಸ್’ ಅನ್ನು ಯಾರಾದರೂ ಡಿಸೇಬಲ್ ಮಾಡಿದ್ದಾರಾ? ಫೋನಿನ ಹಾಟ್‌ಸ್ಪಾಟ್ ಬಳಸುತ್ತಿದ್ದರೆ ಆ ಸಂಪರ್ಕ ‘ಮೀಟರ್ಡ್’ ಅಂತ ಗುರುತಾಗಿದೆಯಾ? ಆಗಿದ್ದರೆ ದೊಡ್ಡ ಸಾಗಾಟಗಳು ತಡೆ ಹಿಡಿದುಕೊಳ್ಳಬಹುದು. ಮೂರನೆಯದು ಬಹಳ ಜನಕ್ಕೆ ಹೊಳೆಯಲ್ಲ: ಕೆಲಸ ಹಾಕಿದ ಬಳಕೆದಾರ ಲಾಗಿನ್ ಆಗಿದ್ದರೆ ಮಾತ್ರ ಬಿಟ್ಸ್ ಅವನ ಫೈಲ್ ಸಾಗಿಸುತ್ತೆ. ಬೆಳಿಗ್ಗೆ ಒಬ್ಬರ ಲಾಗಿನ್‌ನಲ್ಲಿ ಹಾಕಿ, ಮಧ್ಯಾಹ್ನ ಇನ್ನೊಬ್ಬರ ಲಾಗಿನ್‌ನಲ್ಲಿ ಕೂತು ಕಾದರೆ ಸಂಜೆವರೆಗೂ ಕಾಯಬೇಕು.

ಇದು ಬರೀ ಸೆಟ್ಟಿಂಗ್ ಪ್ರಶ್ನೆಯಾ?

ಅಲ್ಲ. ಮೇಲಿನ ಎಂಟು ಹಂತ ಬರೆಯುವಾಗಲೇ ನನಗೆ ಅನ್ನಿಸಿದ್ದು: ಇಷ್ಟನ್ನೂ ಒಬ್ಬ ಕಾಯಕ ಬಂಧು, ಒಬ್ಬ ಅಂಗನವಾಡಿ ಅಕ್ಕ ಯಾಕೆ ತಿಳಿದಿರಬೇಕು?

ಕಾನೂನಿನ ಮಾತು ನೋಡಿ. ನರೇಗಾ ಕಾಯ್ದೆ ಪ್ರಕಾರ ಕೂಲಿ 15 ದಿನದೊಳಗೆ ಬರಬೇಕು. ತಡವಾದರೆ ದಿನಕ್ಕೆ ಶೇ 0.05ರಷ್ಟು ಪರಿಹಾರ. ಅಂದರೆ ‘ತಡ’ ಅನ್ನೋದಕ್ಕೆ ಕಾನೂನಿನಲ್ಲಿ ಜಾಗ ಇದೆ. ಆದರೆ ಫೋಟೋ ಸರ್ವರ್ ತಲುಪದಿದ್ದರೆ ಅದು ತಡವಾದ ಕೂಲಿ ಆಗಲ್ಲ. ದಾಖಲೆಯ ಕಣ್ಣಿಗೆ ಆ ದಿನ ಕೆಲಸವೇ ನಡೆದಿಲ್ಲ. ಬಿಸಿಲಲ್ಲಿ ಮಣ್ಣು ಹೊತ್ತ ಮನುಷ್ಯ ಗೈರುಹಾಜರಿ. ಸಾಕ್ಷಿ ಒದಗಿಸುವ ಭಾರ ಕೂಲಿಕಾರರ ಮೇಲೆ, ಸಾಕ್ಷಿ ಸಾಗಿಸುವ ಯಂತ್ರದ ಕೀಲಿ ಮಾತ್ರ ಬೇರೆಲ್ಲೋ.

ಆ್ಯಪ್ ಬೇಕು ಅನ್ನುವವರ ವಾದದಲ್ಲೂ ಹುರುಳಿಲ್ಲದೆ ಇಲ್ಲ. ಸುಳ್ಳು ಎನ್‌ಎಂಆರ್, ಜೆಸಿಬಿ ತಂದು ಕೆಲಸ ಮಾಡಿಸಿ ಕೂಲಿ ಹೆಸರಲ್ಲಿ ಬಿಲ್ ಎತ್ತೋದು ನಮ್ಮ ಕಡೆಯೂ ಕೇಳದ ಮಾತಲ್ಲ. ಆದರೆ ಆ್ಯಪ್ ಅದನ್ನ ತಡೆಯಿತಾ? 2025ರ ಜುಲೈ 8ರಂದು ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಬರೆದು, ಸಂಬಂಧವಿಲ್ಲದ ಫೋಟೋ, ಫೋಟೋದ ಮೇಲೆ ತೆಗೆದ ಫೋಟೋ ಅಪ್‌ಲೋಡ್ ಆಗುತ್ತಿವೆ ಅಂತ ಪಟ್ಟಿ ಮಾಡಿತು. ಎಲ್ಲಾ ಫೋಟೋಗಳನ್ನೂ ಪಂಚಾಯಿತಿ ಮಟ್ಟದಲ್ಲಿ ಮನುಷ್ಯರೇ ಕೂತು ಪರಿಶೀಲಿಸಬೇಕು ಅಂತ ಹೇಳಿತು. ಮೋಸ ಮಾಡುವವನು ದಾರಿ ಹುಡುಕಿಕೊಂಡ. ಸಿಕ್ಕಿಬಿದ್ದಿದ್ದು ಸಿಗ್ನಲ್ ಇಲ್ಲದ ಊರಿನಲ್ಲಿ ಪ್ರಾಮಾಣಿಕವಾಗಿ ಫೋಟೋ ತೆಗೆದವರು.

ಇದಕ್ಕೆ ಪ್ರತಿರೋಧವೂ ಬಂದಿದೆ. 2021ರಲ್ಲಿ ಮಹಾರಾಷ್ಟ್ರದ ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರ ಕೊಟ್ಟ ಕಳಪೆ ಫೋನ್‌ಗಳನ್ನ ಸಾಮೂಹಿಕವಾಗಿ ವಾಪಸ್ ಕೊಟ್ಟರು. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಅಹೋರಾತ್ರಿ ಕೂತ ನಮ್ಮ ಆಶಾ ಕಾರ್ಯಕರ್ತೆಯರ ದೂರುಗಳಲ್ಲಿ, ಮಾಡಿದ ಕೆಲಸಕ್ಕೂ ಪೋರ್ಟಲ್ ತೋರಿಸುವ ಲೆಕ್ಕಕ್ಕೂ ತಾಳೆಯಾಗದೆ ಪ್ರೋತ್ಸಾಹಧನ ಕೈತಪ್ಪುತ್ತಿದೆ ಅನ್ನೋದೂ ಇತ್ತು. ತಾಂತ್ರಿಕ ದೋಷ ಅಂತ ನಾವು ಕರೆಯೋದು ಅವರ ಮನೆಯಲ್ಲಿ ರೇಷನ್ ಪ್ರಶ್ನೆ.

ಇನ್ನು 2025ರ ಡಿಸೆಂಬರ್‌ನಲ್ಲಿ ಸಂಸತ್ತು ನರೇಗಾ ಜಾಗಕ್ಕೆ ವಿಬಿ–ಜಿ ರಾಮ್ ಜಿ ಅನ್ನುವ ಹೊಸ ಕಾಯ್ದೆಯನ್ನ ಅಂಗೀಕರಿಸಿತು. ಡಿಜಿಟಲ್ ನಿಗಾವನ್ನ ಅದು ಕಾನೂನಿನ ಒಳಗೇ ತಂದು ಕೂರಿಸಿದೆ. ಹೆಸರು ಬದಲಾದರೂ ಕಾಡಂಚಿನ ಸಿಗ್ನಲ್ ಬದಲಾಗಲ್ಲ, ಡೋಜ್ ಬದಲಾಗಲ್ಲ.

ಕೇಳಬೇಕಾದ್ದೇನು?

ಮೊದಲಿಗೆ, ಇವತ್ತೇ ಮಾಡಬಹುದಾದ್ದು. ಎನ್‌ಎಂಎಂಎಸ್‌ನಲ್ಲಿ ಆಫ್‌ಲೈನ್ ಆಗಿ ಹಾಜರಿ ತೆಗೆದು, ನೆಟ್‌ವರ್ಕ್ ಬಂದಾಗ ಕಳಿಸಬಹುದು ಅಂತ ಸಚಿವಾಲಯ ಹೇಳಿದೆ. ಅಸಾಧಾರಣ ಸಂದರ್ಭದಲ್ಲಿ ಹಾಜರಿ ಅಪ್‌ಲೋಡ್ ಆಗದೇ ಹೋದರೆ, ಕೈಬರಹದ ಹಾಜರಿಯನ್ನ ಸೇರಿಸುವ ಅಧಿಕಾರ ಜಿಲ್ಲಾ ಕಾರ್ಯಕ್ರಮ ಸಂಯೋಜಕರಿಗೆ ಇದೆ ಅಂತಲೂ ಹೇಳಿದೆ. ಈ ಎರಡನೇ ಮಾತು ಕೆಳಗೆ ಇಳಿಯೋದೇ ಇಲ್ಲ. ಸ್ಕ್ರೀನ್‌ಶಾಟ್ ಅಂಟಿಸಿ, ದಿನಾಂಕ, ಎನ್‌ಎಂಆರ್ ಸಂಖ್ಯೆ, ಕೂಲಿಕಾರರ ಸಹಿ ಹಾಕಿ ಪಿಡಿಒಗೆ ಅರ್ಜಿ ಕೊಡಿ, ಸ್ವೀಕೃತಿ ತಗೊಳ್ಳಿ. ಬಾಯಿಮಾತಲ್ಲಿ ಬಿಡಬೇಡಿ.

ಆಮೇಲೆ, ಆ್ಯಪ್ ಮಾಡಿಸುವವರನ್ನ ಕೇಳಬೇಕಾದ್ದು. ಎಷ್ಟು ಫೋಟೋ ಬಾಕಿ ಇದೆ ಅಂತ ಮೊದಲ ಪುಟದಲ್ಲೇ ದೊಡ್ಡದಾಗಿ ಕನ್ನಡದಲ್ಲಿ ಕಾಣಲಿ. ಸರ್ವರ್ ತಲುಪಿದ ಮೇಲೆ ರಸೀದಿ ಸಂಖ್ಯೆ ಬರಲಿ. ಆಂಡ್ರಾಯ್ಡ್‌ನ ಹೊಸ ಆವೃತ್ತಿಯ ಪರೀಕ್ಷಾ ರೂಪ ತಿಂಗಳುಗಟ್ಟಲೆ ಮೊದಲೇ ಎಲ್ಲಾ ಡೆವಲಪರ್‌ಗಳಿಗೂ ಸಿಗುತ್ತೆ. ಅದರ ಮೇಲೆ ಓಡಿಸಿ ನೋಡದೆ ಜನರ ಕೂಲಿಯನ್ನ ಅದಕ್ಕೆ ಕಟ್ಟಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಫೋಟೋ ಬರಲಿಲ್ಲ ಅಂದರೆ ಆಳು ಬರಲಿಲ್ಲ ಅನ್ನುವ ತೀರ್ಮಾನವನ್ನ ಯಂತ್ರಕ್ಕೆ ಬಿಡಬೇಡಿ. ಕಾಗದದ ಹಾಜರಿ ಜೊತೆಗಿರಲಿ, ತಕರಾರು ಬಂದಾಗ ಅದಕ್ಕೂ ಬೆಲೆ ಇರಲಿ.

ಇದನ್ನ ಓದುತ್ತಿರುವ ನಿಮ್ಮಲ್ಲಿ ಬಹಳಷ್ಟು ಜನ ನಿಮ್ಮ ಮನೆಯ, ನಿಮ್ಮ ಬೀದಿಯ ‘ಫೋನ್ ರಿಪೇರಿ’ಯವರು. ಅಮ್ಮನ, ಅತ್ತೆಯ, ಪಕ್ಕದ ಮನೆ ಅಕ್ಕನ ಫೋನ್ ನಿಮ್ಮ ಕೈಗೇ ಬರೋದು. ಮುಂದಿನ ಸಲ ಬಂದಾಗ ಆ ಬ್ಯಾಟರಿ ಸ್ವಿಚ್ ಹಾಕಿಕೊಡಿ. ಜೊತೆಗೆ ಆ ಅರ್ಜಿಯನ್ನೂ ಬರೆದುಕೊಡಿ. ಹತ್ತು ಊರಿನಿಂದ ಸ್ವೀಕೃತಿ ಪಡೆದ ಹತ್ತು ಅರ್ಜಿ ಒಂದೇ ವಾರದಲ್ಲಿ ತಾಲ್ಲೂಕು ಪಂಚಾಯಿತಿ ಮೇಜಿನ ಮೇಲೆ ಬಿದ್ದರೆ, ಅದನ್ನ ಯಾರದೋ ಫೋನಿನ ತೊಂದರೆ ಅಂತ ಹೇಳಿ ಕಳಿಸೋದು ಕಷ್ಟ.